ಪೂನಮಳ ತೂಕದ ಉಸುಕಿನ ಚೀಲ

ನಮ್ಮ ಕಡೆ ಹೊಸ ಸಾಮಾನು ಬಂದರೆ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆಯುವುದಿಲ್ಲ. ಟ್ರ್ಯಾಕ್ಟರಿನ ಸೀಟು ಒಳಗೇ ಹರಿದರೂ ಮೇಲಿನ ಹಾಳೆ ಹಾಗೇ ಇರುತ್ತದೆ. ಮದುವೆಯಲ್ಲಿ ಬಂದ ಗಾದಿಯ ಮೇಲೆ ಮಗ್ಗಲು ಬದಲಿಸಿದರೆ ಚರ್ ಚರ್ ಎನ್ನುತ್ತದೆ, ಆದರೂ ಬಿಚ್ಚುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದೆ, ಸುಳ್ಳು ಹೇಳಬೇಡಿ. ಗಾದಿಯ ಮೇಲೆ ಹಾಳೆ ಇದ್ದರೆ ಬೆವರು ಬರುತ್ತದೆ, ಅಷ್ಟೇ. ದೋಣಿಯಲ್ಲಿ ಹಾಗೆ ಮಾಡಿದ್ದಕ್ಕೆ ನಮ್ಮೂರಲ್ಲಿ ಒಂದು ಕೂಸು ಹೋಯಿತು.

ಕುಡಚಿಯ ಸೇತುವೆ ದಾಟುವ ರೈಲಿನ ಸಪ್ಪಳ ಕೇಳುವಷ್ಟು ದೂರದಲ್ಲಿ, ಕೃಷ್ಣೆಯ ದಂಡೆಗೆ ನಮ್ಮೂರಿದೆ. ಮಲಕಾರಿ ಇಲ್ಲಿ ಮೀನು ಹಿಡಿಯುತ್ತಿದ್ದ. ಅವನ ತಾಯಿ ಸಾವಕ್ಕ ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಬಹಳ ವರ್ಷ ಮಂದಿಯ ದೋಣಿಯಲ್ಲಿ ದುಡಿದ ಮಲಕಾರಿ ಕಡೆಗೊಮ್ಮೆ ಸ್ವಂತದ ಹೊಸ ದೋಣಿ ತಂದ. ಮೀನಿಗೆಂದೇ ಮಾಡಿದ ದೋಣಿ. ಉದ್ದ, ಸಪೂರ, ತಳ ಚೂಪು, ಅಂಚು ಗಿಡ್ಡ. ಒಬ್ಬನೇ ಕುಳಿತು ಬಲೆ ಎಳೆಯಲು ಸಲೀಸು.

ಹೋದ ವರ್ಷ ಸಂಕ್ರಮಣದ ದಿನ ಅದೇ ದೋಣಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು, ಹೊಳೆಯ ನಡುಗಡ್ಡೆಯಲ್ಲಿ ಊಟ ಮಾಡಿ ಬರೋಣವೆಂದು. ಹಿಂದಿನ ದಿನದ ಬಲೆ ದೋಣಿಯಲ್ಲೇ ಬಿದ್ದಿತ್ತು. ನಮ್ಮೂರಲ್ಲಿ ಒಂದು ರೂಢಿ ಇದೆ. ಹೊಸ ದೋಣಿಯಲ್ಲಿ ಹೊರಟ ಹೆಂಗಸರು ನಡುಹೊಳೆಗೆ ಬಂದಾಗ ಹೊಳೆದೇವಿ ಕೃಷ್ಣಾಬಾಯಿಗೆ ಉಡಿ ತುಂಬಬೇಕು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಎದ್ದು ನಿಂತು, ರವಿಕೆ ಖಣ, ಅಕ್ಕಿ, ಅರಿಶಿನದ ಕೊಂಬು ನೀರಿಗೆ ಬಿಡಬೇಕು. ಅವತ್ತೂ ಎಲ್ಲರೂ ಒಂದೇ ಬದಿಗೆ ಎದ್ದು ನಿಂತರು. ದೋಣಿ ಮಗುಚಿತು.

ದೊಡ್ಡವರು ಹೇಗೋ ದೋಣಿಯ ತಳ ಹಿಡಿದು ಉಳಿದರು. ಮಲಕಾರಿಯ ಹೆಂಡತಿ ರೂಪಾಲಿಯ ಕಾಲಿಗೆ ಬಲೆ ಸುತ್ತಿಕೊಂಡಿತ್ತು. ಮಗಳು ಪ್ರಾಜಕ್ತಾ ಕಣ್ಣ ಮುಂದೆ ಸರಿದು ಹೋಗುತ್ತಿದ್ದರೂ ರೂಪಾಲಿಯ ಕೈಗೆ ಸಿಗಲಿಲ್ಲ. ಆ ಕೂಸಿನ ಅಳತೆಯ ಕೇಸರಿ ಬಣ್ಣದ ಜಾಕೆಟ್ಟು, ನೀರಲ್ಲಿ ತೇಲಿಸುವಂಥದ್ದು, ದೋಣಿಯಲ್ಲೇ ಇತ್ತು. ಹೊಲಸಾಗಬಾರದೆಂದು ಪ್ಲಾಸ್ಟಿಕ್ ಹಾಳೆಯೊಳಗೆ ಇತ್ತು. ಜಾಕೆಟ್ಟು ತೇಲಿತು. ಕೂಸು ತೇಲಲಿಲ್ಲ.

ರೂಪಾಲಿ ತವರುಮನೆ ತೆಲಸಂಗಕ್ಕೆ ಹೋದವಳು ತಿರುಗಿ ಬಂದಿಲ್ಲ. ಅದು ಒಣಭೂಮಿಯ ಊರು, ಅಲ್ಲಿ ಹೊಳೆ ಕಾಣುವುದಿಲ್ಲ. ಮಲಕಾರಿ ಮೀನು ಬಿಟ್ಟು ಕಬ್ಬು ಕಡಿಯಲು ಹೋಗುತ್ತಾನೆ. ಕೂಸನ್ನು ಬಹಳ ಹೊತ್ತು ಮುಳುಗಿ ಹುಡುಕಿದ ಆ ದಿನದ ಮೇಲೆ ನೀರಿಗೆ ಇಳಿದಿರಲಿಲ್ಲ. ದೋಣಿಯನ್ನು ದಂಡೆಯ ಜಾಲಿಗಿಡದ ಕೆಳಗೆ ಬೋರಲು ಹಾಕಿದ್ದಾರೆ. ಸಾವಕ್ಕ ಈಗ ಬೇರೆಯವರು ಹಿಡಿದ ಮೀನು ಮಾರುತ್ತಾಳೆ. ಊರಿನ ಮಂದಿ "ಹೊಳೆವ್ವ ಕರಕೊಂಡ್ಳು" ಎಂದರು. ಇನ್ನು ಕೆಲವರು ದೋಣಿಗೆ ದೋಷ ಇದೆ ಎಂದರು. ಅಂಥ ಮಾತು ಕೇಳಿದರೆ ಮೈ ಉರಿಯುತ್ತದೆ.

ಈ ಸಲದ ಸಂಕ್ರಮಣಕ್ಕೆ ಮೊದಲು ನಮ್ಮೂರಿನ ಇನ್ನೊಬ್ಬ ಮೀನುಗಾರ ಬಾಳು ಹೊಸ ದೋಣಿ ಕೊಳ್ಳಲು ಹೊರಟ. ಇಷ್ಟು ದಿನ ಅವನು ಬೆಲ್ಲ ಕಾಸುವ ಹಳೆಯ ಕೊಪ್ಪರಿಗೆಯಲ್ಲಿ ಕುಳಿತು ಬಲೆ ಹಾಕುತ್ತಿದ್ದ. ಮೀನಿಗೂ ಆಗಬೇಕು, ಹಬ್ಬಕ್ಕೆ ಹೆಂಡತಿ ಶೇವಂತಾ, ಮಗಳು ಪೂನಮ, ತಾಯಿ ಇವರನ್ನು ತಿರುಗಾಡಿಸಲೂ ಆಗಬೇಕು ಎಂದು ಅವನ ಆಸೆ. ಅದನ್ನೇ ಹೇಳುತ್ತ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಸಾವಕ್ಕ ಮೀನಿನ ಬುಟ್ಟಿ ಹೊತ್ತು ಬಂದಳು.

"ಎಂಥಾ ದೋಣಿ ತರಾಕತ್ತಿಯೋ ಬಾಳ್ಯಾ?"

"ಮಲಕಾರೀದು ಐತೆಲ್ಲ ಮಾವಶಿ, ಹಂತಾದ್ದ. ಬಾಣ ಬಿಟ್ಟಂಗ ಹೋಗತೈತಿ."

ಸಾವಕ್ಕ ಬುಟ್ಟಿ ಇಳಿಸಿದಳು. "ಹಂತಾದ್ದ?"

ಬಾಳು ನೆಲ ನೋಡಿದ. "ದೋಣೀದೇನ ತಪ್ಪೈತ್ರಿ? ನಸೀಬ ಖೋಟಾ ಇತ್ತು."

"ನಸೀಬ ಅನಬ್ಯಾಡ ಲೇ. ನಸೀಬ ಅಂದಾವರ ಮನೀ ಚಹಾ ಸೈತ ಬಿಟ್ಟೇನಿ ನಾ."

ಶೇವಂತಾ ಒಳಗಿನಿಂದಲೇ ಕೂಗಿದಳು. "ನಾನೂ ಅದನ್ನ ಹೇಳಾಕತ್ತೇನ್ರಿ ಮಾವಶಿ. ಕೂಸಿನ್ನ ಕುಂದ್ರಿಸಿಕೊಂಡ ಹೊಳ್ಯಾಗ ಹೋಗೂಣು ಅಂತಾರ, ಆರಿಸಿದ ದೋಣಿ ನೋಡಿದ್ರ ಪಡವಲಕಾಯಿ ಆಗೇತಿ!"

"ಅಗಲ ದೋಣಿ ಅಂದ್ರ ಎಮ್ಮಿ ಇದ್ದಂಗ ಇರತೈತಿ," ಎಂದ ಬಾಳು. "ಮೀನ ಹಿಡೀಲೋ, ನಿನ್ನ ಮೆರವಣಿಗಿ ಮಾಡ್ಲೋ?"

"ಇಷ್ಟ ದಿನ ಕೊಪ್ಪರಗ್ಯಾಗ ಗಿರಿಗಿರಿ ತಿರಗಿದಾವ್ರು ನೀವು. ಎಮ್ಮಿಗೆ ಹೆಸರ ಇಡಾಕತ್ತೀರಿ?"

ಬಾಳು ನಕ್ಕ. ಸಾವಕ್ಕ ನಗಲಿಲ್ಲ. "ದೋಣಿ ಮಾಡಾಂವ ಏನಂದಾ?" ಎಂದು ಕೇಳಿದಳು.

"ಮನೀ ಮಂದಿ ಎಲ್ಲಾ ಹಿಡೀತಾರ ಅಂದಾನ್ರಿ."

"ಮಲಕಾರೀಗೂ ಹಂಗ ಅಂದಿದ್ದ. ಹಿಡದ್ರು, ಖರೇನ. ಎಲ್ಲಾರೂ ಒಂದ ಬದಿಗೆ ಬಂದ್ರ ನಿಂದರತೈತೇನು ಅಂತ ನಾವು ಯಾರೂ ಕೇಳ್ಲಿಲ್ಲ." ಅವಳು ಬುಟ್ಟಿ ಎತ್ತಿಕೊಂಡಳು. "ಮುಂಜಾನಿ ಹೊಳಿಗೆ ಬಾ. ಗೊಬ್ಬರದ ಖಾಲಿ ಚೀಲ ತಗೊಂಡ ಬಾ. ನಮ್ಮ ಆ ದೋಣಿ ನೀರಿಗೆ ಹಾಕೂಣು. ನೋಡು, ಆಮ್ಯಾಲ ನಿನ್ನ ಮನಸಿಗೆ ಬಂದದ್ದ ತಗೋ."

ಮರುದಿನ ಮುಂಜಾನೆ ಬಾಳು ಹೆಂಡತಿ ಮಗಳನ್ನು ಕರೆದುಕೊಂಡು ಹೊಳೆಗೆ ಹೋದ. ಸಾವಕ್ಕ ಚೀಲಗಳಿಗೆ ಉಸುಕು ತುಂಬಿಸಿದಳು. ಒಂದು ಬಾಳುವಿನ ತಾಯಿಯ ತೂಕದ್ದು, ಒಂದು ಶೇವಂತಾಳದ್ದು. ಆಮೇಲೆ ಪೂನಮಳ ಬಗಲಿಗೆ ಕೈ ಹಾಕಿ ಎತ್ತಿದಳು, ಇಳಿಸಿದಳು, ಸಣ್ಣ ಚೀಲವನ್ನು ಎತ್ತಿ ನೋಡಿದಳು.

"ಇನ್ನೊಂದೀಟ ಹಾಕು. ಕೂಸು ಉಣ್ಣಾಕತ್ತಾಳ."

ಪೂನಮ ಆ ಚೀಲದ ಮೇಲೆ ಕೈಯಿಟ್ಟು "ಇದು ನಾನು" ಎಂದಳು.

ಬೋರಲಿದ್ದ ದೋಣಿಯನ್ನು ತಿರುವಿ, ಹಗ್ಗ ಕಟ್ಟಿ, ಎದೆಮಟ್ಟದ ನೀರಿಗೆ ತಂದರು. ಚೀಲಗಳನ್ನು ಇಟ್ಟರು. ಬಾಳು ಹತ್ತಿ ಕುಳಿತ. ದೋಣಿ ಅಲುಗಾಡಲಿಲ್ಲ.

"ನೋಡ್ರಿ ಮಾವಶಿ! ಕಲ್ಲ ಇದ್ದಂಗ ಐತಿ. ಸುಮ್ಮನ ಹೆದರಸಾಕತ್ತೀರಿ."

"ಈಗ ನಡಹೊಳಿ ಬಂತಂತ ತಿಳಿ. ಉಡಿ ತುಂಬೂಣು. ಚೀಲ ತಳದಾಗ ಬ್ಯಾಡ, ಮಂದಿ ನಿಂದರ್ತಾರ. ಕುಂದ್ರೂ ಹಲಗಿ ಮ್ಯಾಲ ಇಡು. ಎಲ್ಲಾ ಈ ಬದೀಗೆ."

ಬಾಳು ತಾಯಿಯ ಚೀಲವನ್ನು ಹಲಗೆಯ ಮೇಲೆ, ಅಂಚಿಗೆ ಇಟ್ಟ. ದೋಣಿ ಸ್ವಲ್ಪ ವಾಲಿತು. ಶೇವಂತಾಳ ಚೀಲ ಇಟ್ಟ. ಅಂಚು ನೀರಿಗೆ ತಾಗಿತು. ಪೂನಮಳ ಚೀಲವನ್ನು ಎತ್ತಿಕೊಂಡು ಎದ್ದು ನಿಂತ. ಇಡಲಿಕ್ಕೆ ಸಮಯ ಸಿಗಲಿಲ್ಲ. ನೀರು ಒಳಗೆ ನುಗ್ಗಿತು, ದೋಣಿ ಮಗುಚಿತು.

ಬಾಳು ನೀರು ಉಗುಳುತ್ತ ಮೇಲೆ ಬಂದ. ದಂಡೆಯ ಮೇಲೆ ಪೂನಮ ಚಪ್ಪಾಳೆ ಹೊಡೆದು ನಕ್ಕಳು. "ಅಪ್ಪಾ ಬಿದ್ದಾ! ಅಪ್ಪಾ ಬಿದ್ದಾ!" ಆಮೇಲೆ ನಗು ನಿಲ್ಲಿಸಿ ನೀರಿನ ಕಡೆ ನೋಡಿದಳು.

"ಅಪ್ಪಾ, ನನ್ನ ಚೀಲ ಎಲ್ಲಿ?"

ಬಾಳು ತನ್ನ ಕೈ ನೋಡಿಕೊಂಡ. ಎದೆಗೆ ಒತ್ತಿ ಹಿಡಿದಿದ್ದ ಚೀಲ ಯಾವಾಗ ಜಾರಿತೋ ಅವನಿಗೆ ಗೊತ್ತಿರಲಿಲ್ಲ. ಮುಳುಗಿ ಹುಡುಕಿದ. ರಾಡಿ ಎದ್ದು ಏನೂ ಕಾಣಲಿಲ್ಲ. ಮತ್ತೆ ಮುಳುಗಿದ. ಮೇಲೆ ಬಂದಾಗ ಅವನ ಮುಖ ನೋಡಿ ಶೇವಂತಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಬಿಡ್ರೀ, ಉಸುಕು ಅದು," ಎಂದಳು. ಅವಳ ದನಿ ಮಾತ್ರ ಉಸುಕಿನ ಬಗ್ಗೆ ಮಾತಾಡುವಂತೆ ಇರಲಿಲ್ಲ. ಬಾಳು ಬಿಡಲಿಲ್ಲ.

ಆಗ ಮೇಲಿನ ಕಬ್ಬಿನ ಹೊಲದಿಂದ ಮಲಕಾರಿ ಇಳಿದು ಬಂದ. ಯಾವಾಗಿನಿಂದ ನೋಡುತ್ತಿದ್ದನೋ. ಕುಡುಗೋಲನ್ನು ಹೊಳೆಯ ಮೆಟ್ಟಿಲ ಮೇಲೆ ಇಟ್ಟ. ಅಂಗಿ ಸಹ ಬಿಚ್ಚದೆ ನೀರಿಗೆ ಇಳಿದ. ಸಾವಕ್ಕ "ಮಲಕಾರೀ" ಎಂದಳು. ಅವನು ಮುಳುಗಿದ, ಸೆಳವು ಹೋಗುವ ಕಡೆ ಸ್ವಲ್ಪ ಸರಿದು ಮತ್ತೆ ಮುಳುಗಿದ, ಚೀಲದ ಸಮೇತ ಎದ್ದ. ಅದನ್ನು ಎಳೆದುಕೊಂಡು ಬರಬಹುದಿತ್ತು. ಹೆಗಲಿಗೆ ಹಾಕಿಕೊಂಡು, ಅದರ ಬೆನ್ನಿಗೆ ಕೈ ಕೊಟ್ಟು, ಮೆಟ್ಟಿಲು ಹತ್ತಿ ಬಂದು ಕುಳಿತ.

"ಈ ಸಲ ಲಗೂನ ಸಿಕ್ಕತವ್ವಾ," ಎಂದ.

ಚೀಲದಿಂದ ನೀರು ಸೋರುತ್ತಿತ್ತು.

ಬಾಳು ನೀರಿನಿಂದ ಎದ್ದು ಅವನ ಪಕ್ಕಕ್ಕೆ ಬಂದು ಕುಳಿತ. "ಎಂಥಾದ್ದ ತರಲೋ ಮಲಕಾರಿ? ನೀನ ಹೇಳು."

ಮಲಕಾರಿ ನೀರು ನೋಡುತ್ತಲೇ ಹೇಳಿದ. "ತಳ ಅಗಲ ಇರ್ಲಿ, ಚಪ್ಪಟ ಇರ್ಲಿ. ಅಂಚು ಎತ್ತರ ಮಾಡಸು. ಬಲಿ ಎಳ್ಯಾಕ ಬೇಕಾದ್ರ ಹಿಂದ ಒಂದ ಕಡೆ ಅಷ್ಟ ಒಂದೀಟ ತಗ್ಗಸು. ಎರಡೂ ತುದ್ಯಾಗ ಗಾಳಿ ಪೆಟ್ಟಿಗಿ ಮುಚ್ಚಿಸಿ ಕೊಡು ಅನ್ನು. ನೀರ ತುಂಬಿದ್ರೂ ದೋಣಿ ತೇಲಬೇಕು, ಹಿಡಕೊಳ್ಳಾಕರ ಇರಬೇಕು."

"ವಜ್ಜಿ ಆಗತೈತೆಲ್ಲೋ. ಮೀನಿನ ಬೆನ್ನ ಹತ್ತೂದು ಹೆಂಗ?"

"ತಡಾ ಆಗತೈತಿ. ನಾಕ ಮೀನ ಕಮ್ಮಿ ಸಿಗತಾವ. ಸಿಗಲಿ ಬಿಡು." ಬಾಳುವಿನ ಕಡೆ ತಿರುಗಿ ಹೇಳಿದ. "ಮನೀ ಮಂದಿ ಕುಂದ್ರೂ ದಿನ ಬಲಿ ಮನ್ಯಾಗ ಇಡು ಬಾಳೂ. ಮರೀಬ್ಯಾಡ. ಬಲಿ ಮನ್ಯಾಗ."

ಬಾಳು ಅಗಲದ ದೋಣಿಯನ್ನೇ ಮಾಡಿಸಿದ. ತಂದ ದಿನ ಅದೇ ಚೀಲಗಳನ್ನು ಅದರ ಒಂದೇ ಬದಿಯ ಹಲಗೆಯ ಮೇಲಿಟ್ಟು ನೋಡಿದ. ವಾಲಿತು, ಆದರೆ ನೀರು ಒಳಗೆ ಬರಲಿಲ್ಲ.

ಸಂಕ್ರಮಣ ಬಂತು. ಶೇವಂತಾ ಹೊಸ ಕರಿ ಸೀರೆ ಉಟ್ಟಿದ್ದಳು. ಬಾಳು ತಂದಿದ್ದ ತೇಲುವ ಜಾಕೆಟ್ಟು ಕೈಯಲ್ಲಿ ಹಿಡಿದು "ಸೀರಿ ಎಲ್ಲಾ ಮುಚ್ಚತೈತಿ, ಫೋಟೋದಾಗ ಏನ ಕಾಣಬೇಕು" ಎಂದಳು. ಅಷ್ಟರಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದ ಸಾವಕ್ಕ, ಮಲಕಾರಿ ಕಂಡರು. ಸುಮ್ಮನೆ ಹಾಕಿಕೊಂಡು ಅದರ ಬಕಲ್ ಬಿಗಿದಳು. ಬಾಳುವಿನ ತಾಯಿ ಮಾತ್ರ ಉಡಿಯ ತಟ್ಟೆ ಹಿಡಿದು ಹಟ ಮಾಡಿದಳು.

"ದಂಡ್ಯಾಗ ಉಡಿ ತುಂಬತಾರೇನ? ನಡಹೊಳ್ಯಾಗ ತುಂಬೂದು ಹಿರ್‍ಯಾರ ರೂಢಿ."

"ದಂಡೀ ನೀರೂ ಆಕೀದ ಐತಿ ಯಕ್ಕಾ," ಎಂದಳು ಸಾವಕ್ಕ. "ನನ್ನ ಉಡಿ ನೋಡು. ಅಲ್ಲಿ ತುಂಬಾಕ ಹೋಗಿ ಖಾಲಿ ಆತು."

ಮುದುಕಿ ಮೆಟ್ಟಿಲ ಮೇಲೆ ಕುಳಿತು, ಅಲ್ಲೇ ಉಡಿ ತುಂಬಿದಳು.

ಪೂನಮ ತನ್ನ ಜಾಕೆಟ್ಟು ಹಾಕಿಕೊಂಡು ಓಡಿ ಬಂದಳು. ಅದು ಮೊಣಕಾಲ ತನಕ ಇಳಿದಿತ್ತು. "ಬೆಳ್ಯೂ ಹುಡುಗಿ ಅಲ್ಲೇನ್ರಿ, ಮುಂದಕ್ಕೂ ಆಗಲಿ ಅಂತ ದೊಡ್ಡದ ತಂದೇನಿ" ಎಂದ ಬಾಳು. ಸಾವಕ್ಕ ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆತ್ತಿದಳು. ಜಾಕೆಟ್ಟು ಅವಳ ಕೈಯಲ್ಲಿ ಉಳಿಯಿತು. ಪೂನಮ ಕೆಳಗಿನಿಂದ ಜಾರಿ ನೆಲದ ಮೇಲೆ ನಿಂತಿದ್ದಳು.

"ಶಾಲೀ ಅಂಗಿ ಅಲ್ಲ ಲೇ ಬಾಳ್ಯಾ ಇದು," ಎಂದು ಅದನ್ನು ಕೆಳಗೆ ಹಾಕಿದಳು. "ನಿಂದರ್ರಿ, ಹೋಗಬ್ಯಾಡ್ರಿ." ಮನೆಗೆ ಹೋದಳು.

ತಿರುಗಿ ಬಂದಾಗ ಅವಳ ಬಗಲಲ್ಲಿ ಕೇಸರಿ ಬಣ್ಣದ ಸಣ್ಣ ಜಾಕೆಟ್ಟು ಇತ್ತು. ಹಾಳೆಯೊಳಗೆ, ಅಂಗಡಿಯಿಂದ ತಂದಂತೆಯೇ ಇತ್ತು. ಮಲಕಾರಿ ಅದನ್ನು ನೋಡಿ ಎದ್ದು ಆಚೆ ಹೋಗಿ ನಿಂತ. ಸಾವಕ್ಕ ಹಾಳೆಯನ್ನು ಉಗುರಿನಿಂದ ಎಳೆದಳು, ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಪೂನಮಳಿಗೆ ತೊಡಿಸಿದಳು, ಕಾಲಿನ ನಡುವಿನ ಪಟ್ಟಿ ಕಟ್ಟಿದಳು, ಹೆಗಲು ಹಿಡಿದು ಎತ್ತಿದಳು. ಜಾಕೆಟ್ಟಿನ ಜೊತೆ ಕೂಸೂ ಮೇಲೆ ಬಂತು. ಇಳಿಸಲಿಕ್ಕೆ ಸ್ವಲ್ಪ ತಡ ಮಾಡಿದಳು.

"ಆಯೀ, ಇದು ಹೊಸಾದೈತಿ," ಎಂದಳು ಪೂನಮ. "ಹೊಲಸಾಗತೈತಿ."

"ಆಗ್ಲಿ ಬೇ," ಎಂದಳು ಸಾವಕ್ಕ. "ಹೊಲಸ ಮಾಡ್ಕೊಂಡ ತಿರಗಿ ಬಾ."

ಕೃಷ್ಣೆಯ ದಂಡೆಯವರೇ, ದೂಧಗಂಗಾ ವೇದಗಂಗಾ ದಂಡೆಯವರೇ, ನಿಮಗೆ ಹೇಳುತ್ತಿದ್ದೇನೆ. ಮೊದಲ ದೋಣಿ ಕೊಳ್ಳುವಾಗ ಬಣ್ಣ ನೋಡಬೇಡಿ, ಓಟ ನೋಡಬೇಡಿ. ಮೀನಿಗೂ ಮನೆಮಂದಿಗೂ ಒಂದೇ ದೋಣಿ ಬೇಕಾದರೆ ಮನೆಮಂದಿಗೆ ಆಗುವಂಥದ್ದನ್ನು ತನ್ನಿರಿ, ಮೀನು ಅದರಲ್ಲೂ ಸಿಗುತ್ತದೆ. ದಂಡೆಯ ಹತ್ತಿರ ಹಗ್ಗ ಕಟ್ಟಿ, ಈಜು ಬರುವವನನ್ನು ಇಳಿಸಿ, ನಿಮ್ಮ ಮಕ್ಕಳ ತೂಕದ ಉಸುಕನ್ನು ಒಂದೇ ಬದಿಗೆ ಹೊರಿಸಿ ನೋಡಿ. ಪ್ರತಿ ಚೀಲಕ್ಕೂ ಮನೆಯವರ ಹೆಸರಿಡಿ. ಆಗಲೂ ಅದೇ ಸಪೂರ ದೋಣಿ ಬೇಕೆನಿಸಿದರೆ ಒಬ್ಬರೇ ಹೋಗಿ, ಮಕ್ಕಳನ್ನು ಹತ್ತಿಸಬೇಡಿ. ದೋಣಿ ಎಷ್ಟೇ ಅಗಲ ಇರಲಿ, ನೀರಿನ ಮೇಲೆ ಎದ್ದು ನಿಲ್ಲಬೇಡಿ. ಉಡಿಯನ್ನು ದಂಡೆಯಲ್ಲೇ ತುಂಬಿ. ಮಳೆಗಾಲದ ಹೊಳೆಗೆ ಮಕ್ಕಳನ್ನು ಒಯ್ಯಲೇಬೇಡಿ.

ಜಾಕೆಟ್ಟು ಮಕ್ಕಳ ಇಂದಿನ ಅಳತೆಯದ್ದೇ ಇರಲಿ. ಈಗಾಗಲೇ ತಂದಿಟ್ಟಿದ್ದರೆ ಓದುತ್ತಿರುವ ಈ ಕಾಗದವನ್ನು ಕೆಳಗಿಟ್ಟು ಎದ್ದು ಹೋಗಿ, ಜಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ಕನ್ನು ಹರಿಯಿರಿ. ನಾಳೆ ಅನ್ನಬೇಡಿ. ಸಾವಕ್ಕ ಹರಿದದ್ದು ಒಂದು ವರ್ಷ ತಡವಾಗಿ.