ಕಲಸು, ಕಲಿಸು

ಬ್ರೆಡ್ ಫ್ಯಾಕ್ಟರಿಯಲ್ಲಿ ನನ್ನನ್ನು ಎಲ್ಲರೂ ಕಿವಿಯಕ್ಕ ಅಂತಲೇ ಕರೆಯುವುದು. ಯಾರು ಇಟ್ಟ ಹೆಸರೋ ಗೊತ್ತಿಲ್ಲ, ಅದನ್ನು ಇಪ್ಪತ್ತೆರಡು ವರ್ಷ ಬಿರುದಿನ ಹಾಗೆ ಹೊತ್ತು ಮೆರೆದೆ. ನನ್ನ ಕೆಲಸ ಲೋಹ ಹಿಡಿಯುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂರುವುದು. ಪ್ಯಾಕೆಟ್ಟುಗಳು ಬೆಲ್ಟಿನ ಮೇಲೆ ಸಾಲಾಗಿ ಬಂದು ಯಂತ್ರದ ಚೌಕಟ್ಟಿನೊಳಗೆ ನುಗ್ಗಿ ಆಚೆ ಹೋಗುತ್ತವೆ. ಯಾವುದರಲ್ಲಾದರೂ ಪಿನ್ನೋ ತಂತಿಯ ಚೂರೋ ಇದ್ದರೆ ಯಂತ್ರ ಕೂಗುತ್ತದೆ, ನಾನು ಆ ಪ್ಯಾಕೆಟ್ಟನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕಬೇಕು. ಹಳೆಯ ಯಂತ್ರಕ್ಕೆ ಇದ್ದದ್ದು ಒಂದು ತಿರುಗಣೆ, ಒಂದು ಕೆಂಪು ದೀಪ, ಒಂದು ಕೆಟ್ಟ ಗಂಟಲು. ಕೂಗುವ ಮೊದಲು ಅದು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಆ ಗುಂಯ್ ನನ್ನೊಬ್ಬಳಿಗೇ ಕೇಳುತ್ತಿತ್ತು. ದೀಪ ಹತ್ತುವಷ್ಟರಲ್ಲಿ ಪ್ಯಾಕೆಟ್ಟು ನನ್ನ ಕೈಯಲ್ಲಿ. ಫ್ಯಾಕ್ಟರಿ ನೋಡಲು ಬಂದವರಿಗೆಲ್ಲ ಸೂಪರ್‌ವೈಸರ್ ಇದನ್ನು ಮಾಡಿಸಿ ತೋರಿಸುತ್ತಿದ್ದರು. ಇದೇನು ಮಹಾ ಎನ್ನುವ ಮುಖ ಮಾಡಿಕೊಂಡು ನಾನು ಒಳಗೊಳಗೇ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಬಾಯಿಯ ವಿಚಾರ ಬೇರೆ ಹೇಳಬೇಕು. ಮೈಮೇಲಿನ ಲೋಹ ಏನೇ ಕಳೆದರೂ ಆ ಕ್ಷಣವೇ ತಿಳಿಸಬೇಕು ಅನ್ನುವುದು ನಮ್ಮಲ್ಲಿ ನಿಯಮ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನು. ಒಮ್ಮೆ ಪ್ಯಾಕಿಂಗಿನವಳೊಬ್ಬಳ ಕೂದಲಿನ ಪಿನ್ನು ಕಾಣೆಯಾದಾಗ ಬೆಲ್ಟು ನಿಲ್ಲಿಸಿ, ಅವಳು ಮೂಗು ಸೀಟುವವರೆಗೂ ಬೈದಿದ್ದೆ. ಪಿನ್ನು ಅವಳ ತಲೆಯಲ್ಲೇ ಇತ್ತು, ಟೋಪಿಯ ಕೆಳಗೆ. ಆಮೇಲೂ ಬೈದೆ, ಮೊದಲೇ ಸರಿಯಾಗಿ ಹುಡುಕಬಾರದಿತ್ತಾ ಅಂತ.

ನಮ್ಮ ಯಜಮಾನರೂ ಅಲ್ಲೇ, ಹಿಟ್ಟು ಕಲಸುವ ವಿಭಾಗದಲ್ಲಿ. ಜರಡಿಯವರು ಹಿಡಿದು ಕೊಟ್ಟ ಹಿಟ್ಟನ್ನು ಇನ್ನೊಂದು ಸಲ ತಾವೇ ಜರಡಿ ಹಿಡಿಯುವ ಮನುಷ್ಯ. ಮಿಕ್ಸರ್ ಶುರು ಮಾಡುವ ಮೊದಲು ಅದರ ಪ್ರತಿ ಬೋಲ್ಟನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಮಾತು ಕಡಿಮೆ. ಮನೆಯಲ್ಲಿ ಅವರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ.

ಒಂದು ಸೋಮವಾರ ಹೊಸ ಯಂತ್ರ ಬಂತು, ಹಿಂದೆಯೇ ಅದನ್ನು ಕಲಿಸುವ ಮೇಷ್ಟ್ರೂ ಬಂದರು. ಕಂಪನಿಯ ಮನುಷ್ಯ, ತಾಳ್ಮೆ ಜಾಸ್ತಿ. ಈ ಯಂತ್ರ ಗುಂಯ್ ಅನ್ನುವುದಿಲ್ಲ, ಕೂಗುವುದೂ ಇಲ್ಲ. ಅಂಗೈ ಅಗಲದ ಪರದೆಯ ಮೇಲೆ ಅಂಕಿ, ಗೆರೆ, ಸಣ್ಣ ಸಣ್ಣ ಅಕ್ಷರ. ಬೇಡದ ಪ್ಯಾಕೆಟ್ಟನ್ನು ತಾನೇ ಒಂದು ತೋಳು ಚಾಚಿ ಪಕ್ಕಕ್ಕೆ ನೂಕುತ್ತದೆ. ನನ್ನ ಕಿವಿಗೆ ಅಲ್ಲಿ ಕೆಲಸವೇ ಇರಲಿಲ್ಲ.

“ಬ್ರೆಡ್ಡಲ್ಲಿ ನೀರಿರುತ್ತೆ, ಉಪ್ಪಿರುತ್ತೆ. ಅದಕ್ಕೂ ಯಂತ್ರ ಸ್ವಲ್ಪ ಮಿಡುಕುತ್ತೆ ಅಕ್ಕಾ,” ಎಂದರು ಮೇಷ್ಟ್ರು. “ಅದಕ್ಕೇ ಮೊದಲು ಒಂದು ಒಳ್ಳೇ ಪ್ಯಾಕೆಟ್ ತಗೊಂಡು ಐದು ಸಲ ಒಳಗೆ ಕಳಿಸ್ಬೇಕು. ಓಹೋ ಬ್ರೆಡ್ ಅಂದ್ರೆ ಇದು ಅಂತ ಅದು ತಿಳ್ಕೊಳ್ಳುತ್ತೆ. ಹಾಗಿಲ್ಲದ್ದನ್ನೆಲ್ಲ ನೂಕುತ್ತೆ. ಎಲ್ಲಿ, ಆ ನೀಲಿ ಬಟನ್ ಮೇಲೆ ಏನಿದೆ ಓದಿ.”

ಬಗ್ಗಿ ನೋಡಿದೆ. “ಕಲಸು,” ಎಂದೆ.

ಇಡೀ ಪ್ಯಾಕಿಂಗ್ ವಿಭಾಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಕಲಸೋಕೆ ನಿಮ್ಮೆಜಮಾನ್ರು ಇದ್ದಾರಲ್ಲ ಅಕ್ಕಾ!” ಅಂತ ಯಾರೋ ಕೂಗಿದರು. ಅಲ್ಲಿದ್ದದ್ದು ‘ಕಲಿಸು’. ಲಕಾರದ ತಲೆಯ ಮೇಲಿನ ಗುಡಿಸು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲರೂ ತಮಾಷೆ ಅಂದುಕೊಂಡರಲ್ಲ, ನಾನೂ ಬೇಕೆಂದೇ ಹೇಳಿದವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನಕ್ಕೆ. ನಗೆಯ ನಡುವೆ ಮೇಷ್ಟ್ರು, ಶುಕ್ರವಾರ ಬಂದು ಪರೀಕ್ಷೆ ಮಾಡುತ್ತೇನೆ ಎಂದರು. ಪಾಸಾದರೆ ಸ್ಟೂಲು ನನ್ನದು, ಇಲ್ಲವಾದರೆ ರಟ್ಟಿನ ಡಬ್ಬ ಮಡಚುವ ಮೇಜಿಗೆ ಹೋಗಬೇಕು ಎಂದು ಸೂಪರ್‌ವೈಸರ್ ಸೇರಿಸಿದರು.

ಮಾರನೆಯ ದಿನ ಬ್ಯಾಗಿನ ತಳದಿಂದ ಹಳೆಯ ಕನ್ನಡಕ ತೆಗೆದೆ. ಎಂದೋ ಮಾಡಿಸಿದ್ದು, ಮನೆಯಲ್ಲಿ ಕದ್ದುಮುಚ್ಚಿ ಸೂಜಿಗೆ ದಾರ ಪೋಣಿಸಲಷ್ಟೇ ಹಾಕುತ್ತಿದ್ದೆ. ಅದರ ಎಡಗಡೆಯ ಸ್ಕ್ರೂ ಸಡಿಲ. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಉಗುರಿನಿಂದ ತಿರುಗಿಸಬೇಕು. ತಿರುಗಿಸಿಕೊಂಡು, ಯಾರೂ ನೋಡದಾಗ ಮೂಗಿನ ಮೇಲೇರಿಸಿದೆ. ಪ್ಲಾಸ್ಟಿಕ್ ಕ್ಲಿಪ್ ಹಾಕದ, ಬಾಯಿ ತೆರೆದ ಪ್ಯಾಕೆಟ್ಟುಗಳ ಮೇಲೆ ಬಗ್ಗಿ ಬಗ್ಗಿ ನೋಡಿದೆ. ಯಂತ್ರಕ್ಕೆ ಪಾಠ ಹೇಳುವ ಪ್ಯಾಕೆಟ್ಟು, ಎಂಥದ್ದೋ ಆದರೆ ಆದೀತೆ? ಹತ್ತರಲ್ಲಿ ಒಂದನ್ನು ಆರಿಸಿ, ಕ್ಲಿಪ್ ಹಾಕಿಸಿ, ಪೆನ್ನಿನಲ್ಲಿ ‘ಮಾದರಿ’ ಎಂದು ಬರೆದು, ಕಲಿಸು ಒತ್ತಿ, ಐದು ಸಲ ಒಳಗೆ ಕಳಿಸಿದೆ. ಪರದೆ ಹಸಿರಾಯಿತು. ಪರೀಕ್ಷೆಗೆಂದು ಇಟ್ಟ, ಸಣ್ಣ ಕಬ್ಬಿಣದ ಗುಂಡು ಕೂರಿಸಿದ ಪಟ್ಟಿ ಕಳಿಸಿದೆ, ನೂಕಿತು. ಆಹಾ, ಎಂಥ ಗುರು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕನ್ನಡಕ ತೆಗೆಯುವಾಗ ಎಡಗಡೆಯ ಕಡ್ಡಿ ಕೈಗೇ ಬಂತು. ಸ್ಕ್ರೂ ಇಲ್ಲ. ನೆಲ ನೋಡಿದೆ, ಸಿಗಲಿಲ್ಲ. ಈಗ ತಿಳಿಸಿದರೆ ಕನ್ನಡಕದ ಗುಟ್ಟು ರಟ್ಟಾಗುತ್ತದೆ. ಬೆಳಿಗ್ಗೆ ದಾರಿಯಲ್ಲೇ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಕಡ್ಡಿಗೆ ದಾರ ಕಟ್ಟಿದೆ. ನನ್ನ ತಲೆಯ ಮೇಲೆ, ಗೋಡೆಯಲ್ಲಿ, ನನ್ನದೇ ದಪ್ಪ ಅಕ್ಷರಗಳಿದ್ದವು. ಅವನ್ನು ಓದಲು ಕನ್ನಡಕವೂ ಬೇಕಿರಲಿಲ್ಲ.

ಬೆಲ್ಟು ಶುರುವಾಯಿತು. ಮೊದಲ ಪ್ಯಾಕೆಟ್ಟನ್ನು ಯಂತ್ರ ನೂಕಿತು. ಎರಡನೆಯದನ್ನೂ ನೂಕಿತು. ಮೂವತ್ತು ಬಂದವು, ಮೂವತ್ತನ್ನೂ ನೂಕಿತು. ಸೂಪರ್‌ವೈಸರ್ ಓಡಿ ಬಂದರು.

“ಏನಾಯ್ತಕ್ಕಾ?”

ನನಗೇನೂ ಗೊತ್ತಾಗುತ್ತಿಲ್ಲ ಸರ್, ಮೇಷ್ಟ್ರಿಗೆ ಫೋನ್ ಮಾಡಿ ಅನ್ನಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ! “ಹಿಟ್ಟಲ್ಲೇ ಕಬ್ಬಿಣ ಇದೆ ಸರ್. ಹಳೇದಕ್ಕೆ ಕಾಣದ್ದು ಇದಕ್ಕೆ ಕಾಣ್ತಿದೆ,” ಎಂದೆ. ಕಿವಿಯಕ್ಕ ಹೇಳಿದ ಮೇಲೆ ಮುಗಿಯಿತು. ಬುಧವಾರ ಮಿಕ್ಸರಿನ ಒಂದೊಂದು ಭಾಗವನ್ನೂ ಬಿಚ್ಚಿ ನೆಲದ ಮೇಲೆ ಹರಡಿದರು. ಯಜಮಾನರನ್ನು ಡಬ್ಬ ಮಡಚುವ ಮೇಜಿಗೆ ಕಳಿಸಿದರು. ಬೇರೆ ಮಿಕ್ಸರಿನ ಬ್ರೆಡ್ಡನ್ನೂ ಯಂತ್ರ ನೂಕಿತು. ಹಾಗಾದರೆ ಜರಡಿಯಲ್ಲೇ ದೋಷ ಎಂದು ನಾನು ಇನ್ನೊಂದು ಉಪದೇಶ ಕೊಟ್ಟೆ.

ಯಜಮಾನರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನಾನೂ ರೇಗಿ ಹಗುರಾಗುತ್ತಿದ್ದೆ. “ನೀನು ಹೇಳಿದ್ಮೇಲೆ ಇರ್ಲೇಬೇಕು,” ಎಂದರು. “ಬೋಲ್ಟೆಲ್ಲ ಮುಟ್ಟಿ ನೋಡಿದ್ದೆ ಕಣೇ. ಯಾವುದು ತಪ್ಪಿಹೋಯ್ತೋ.” ಗುರುವಾರ ಊಟಕ್ಕೆ ಕೂತಾಗ ಅವರು ತಮ್ಮ ಬೆರಳ ತುದಿಗಳನ್ನೇ ನೋಡಿಕೊಳ್ಳುತ್ತಿದ್ದರು. ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಆದರೂ ಯಂತ್ರ ಸುಳ್ಳು ಹೇಳುತ್ತದೆಯೇ, ಕಲಿಸಿದವಳು ನಾನಲ್ಲವೇ ಎಂದುಕೊಂಡು ಅನ್ನ ನುಂಗಿದೆ.

ಮಾದರಿ ಪ್ಯಾಕೆಟ್ಟನ್ನು ಮಾರುವಂತಿಲ್ಲ, ಮಂಗಳವಾರವೇ ಮನೆಗೆ ತಂದಿದ್ದೆ. ಶುಕ್ರವಾರ ಬೆಳಿಗ್ಗೆ ಅದನ್ನು ಬಿಚ್ಚಿದೆವು. ಯಜಮಾನರು ಒಂದು ತುಂಡನ್ನು ಚಹಾಕ್ಕೆ ಅದ್ದಿ ಕಚ್ಚಿದರು. ಕಟ್ ಎಂದಿತು. ಎಷ್ಟಾದರೂ ನಾನು ಕಿವಿಯಕ್ಕ, ಅವರಿಗಿಂತ ಮೊದಲು ನನಗೇ ಕೇಳಿಸಿತು.

ಬಾಯಿಂದ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಎಳ್ಳಿಗಿಂತ ತುಸು ದೊಡ್ಡದು. “ನೋಡು, ನೀನು ಹೇಳಿದ್ದೇ ನಿಜ,” ಎಂದರು. “ಸದ್ಯ, ಸಿಕ್ತಲ್ಲ. ಸರ್‌ಗೆ ತೋರಿಸಿ ಒಪ್ಕೊಂಡುಬಿಡ್ತೀನಿ.”

“ಕೊಡಿ ಇಲ್ಲಿ,” ಎಂದೆ. ಕನ್ನಡಕ ಬೇಕಾಗಲಿಲ್ಲ. ಅದರ ತಲೆಯ ಮೇಲಿನ ಸೀಳು ನನ್ನ ಉಗುರಿಗೆ ಚೆನ್ನಾಗಿ ಗೊತ್ತಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಅದನ್ನು ಕಾಗದದ ಚೂರಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಚಪ್ಪಲಿ ಹಾಕುವಾಗ ಹೇಳೋಣ ಎಂದುಕೊಂಡೆ, ರಸ್ತೆ ದಾಟಿದ ಮೇಲೆ ಎಂದುಕೊಂಡೆ, ಗೇಟಿನ ಹತ್ತಿರ ಎಂದುಕೊಂಡೆ. ಲೋಕವನ್ನೆಲ್ಲ ಬೈಯುವ ಬಾಯಿ ಆವತ್ತು ಮುಚ್ಚಿಕೊಂಡಿತ್ತು. ನಾಚಿಕೆಗೇಡಿತನ ಅಂದರೆ ಅದೇ.

ಸೂಪರ್‌ವೈಸರ್ ಕೋಣೆಯಲ್ಲಿ ಮೇಷ್ಟ್ರೂ ಕೂತಿದ್ದರು. ಯಜಮಾನರು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟರು. “ತಪ್ಪು ನಂದೇ ಸರ್. ಹಿಟ್ಟಿನ ಕೆಲಸ ಬೇರೆ ಯಾರಿಗಾದ್ರೂ ಕೊಡಿ. ನನ್ನ ಕೈಮೇಲೆ ನನಗೇ ನಂಬಿಕೆ ಹೋಗಿದೆ.”

ಇನ್ನು ತಡೆಯಲಾಗಲಿಲ್ಲ. ಬ್ಯಾಗಿನಿಂದ ಕನ್ನಡಕ ತೆಗೆದು ದಾರ ಕಿತ್ತು ಆ ಕಾಗದದ ಪಕ್ಕ ಇಟ್ಟೆ. ಕಡ್ಡಿ ಕಳಚಿಬಿತ್ತು. “ಸ್ಕ್ರೂ ನಂದು ಸರ್. ಮಾದರಿ ಪ್ಯಾಕೆಟ್ಟಲ್ಲಿ ಬಿದ್ದಿತ್ತು. ಕಳೆದದ್ದು ಆವತ್ತೇ ಗೊತ್ತಿತ್ತು, ಬಾಯಿ ಬಿಡಲಿಲ್ಲ.”

ಮೇಷ್ಟ್ರು ಸ್ಕ್ರೂ ನೋಡಿದರು, ಕನ್ನಡಕ ನೋಡಿದರು, ನನ್ನನ್ನು ನೋಡಿದರು. “ಅಂದ್ರೆ ಅಕ್ಕಾ, ಸ್ಕ್ರೂ ಇದ್ರೇನೇ ಬ್ರೆಡ್ಡು ಅಂತ ನೀವು ಅದಕ್ಕೆ ಕಲಿಸಿಬಿಟ್ರಿ. ಪಾಪ, ಅದು ಮೂರು ದಿನ ಸ್ಕ್ರೂ ಹುಡುಕ್ತಾ ಕೂತಿದೆ.” ಸೂಪರ್‌ವೈಸರ್‌ಗೆ ನಗು ತಡೆಯಲಾಗಲಿಲ್ಲ. ಯಜಮಾನರು ಮಾತ್ರ ನಗಲಿಲ್ಲ. ನನ್ನ ಕಡೆ ನೋಡದೆ, ಬಿಚ್ಚಿಟ್ಟ ಮಿಕ್ಸರಿನ ಕಡೆಗೆ ನಡೆದರು.

ಪರೀಕ್ಷೆಗೆ ಎಲ್ಲರೂ ಸುತ್ತ ನೆರೆದರು. ಮೇಷ್ಟ್ರು ಹಳೆಯ ಪಾಠ ಅಳಿಸಿ, “ನೀಲಿ ಬಟನ್ ಓದಿ ಅಕ್ಕಾ,” ಎಂದರು. ಅದರಲ್ಲಿ ಏನಿದೆ ಎಂದು ಈಗ ಬಾಯಿಪಾಠವಾಗಿತ್ತು. ಹೇಳಿದ್ದರೆ ನಡೆದುಹೋಗುತ್ತಿತ್ತು.

“ಕಾಣಿಸಲ್ಲ ಸರ್,” ಎಂದೆ. “ಸೋಮವಾರವೂ ಕಾಣಿಸಿರಲಿಲ್ಲ. ಅದು ತಮಾಷೆ ಅಲ್ಲ.”

ಯಾರೂ ನಗಲಿಲ್ಲ. ಕೂದಲಿನ ಪಿನ್ನಿನವಳು ಮುಂದೆ ಬಂದು ಒಂದು ಒಳ್ಳೆಯ ಪ್ಯಾಕೆಟ್ಟನ್ನು ಐದು ಸಲ ಕಳಿಸಿದಳು. ಆಮೇಲೆ ಬಂದ ಬ್ರೆಡ್ಡೆಲ್ಲ ಸಲೀಸಾಗಿ ದಾಟಿಹೋಯಿತು. ಹೊಸ ಕನ್ನಡಕ ಬರುವವರೆಗೂ ಸ್ಟೂಲು ಅವಳದು, ಡಬ್ಬದ ಮೇಜು ನನ್ನದು ಎಂದಾಯಿತು. ಸಂಜೆಯವರೆಗೂ ಡಬ್ಬ ಮಡಚಿದೆ, ಅದನ್ನೂ ಸೊಟ್ಟಗೆ ಮಡಚಿದೆ.

ಕೆಲಸ ಬಿಟ್ಟ ಮೇಲೆ ಯಜಮಾನರು ಗೇಟಿನಲ್ಲಿ ನಿಂತಿದ್ದರು. ಕೈಯೆಲ್ಲ ಹಿಟ್ಟು. ಕನ್ನಡಕದ ಅಂಗಡಿಯ ಕಡೆ ನಡೆದೆವು.

“ಬೆಳಿಗ್ಗೆ ಚಹಾ ಕುಡೀತಿದ್ದಾಗಲೇ ಗೊತ್ತಿತ್ತಾ?”

“ಗೊತ್ತಿತ್ತು ರೀ.”

ಇನ್ನಷ್ಟು ದೂರ ನಡೆದರು. ಬೈಯಲಿ ಎಂದು ಕಾದೆ.

“ಹಂಗಾದ್ರೆ ಹಿಟ್ಟಲ್ಲಿ ಏನೂ ಇರ್ಲಿಲ್ಲ?”

“ಏನೂ ಇರ್ಲಿಲ್ಲ ರೀ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಕನ್ನಡಕದ ಅಂಗಡಿ ಬರುವವರೆಗೂ ಹೇಳುತ್ತಲೇ ಹೋದೆ.