ಹಗಲಿನ ನೀರು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಆ ಕಾಯಿಯ ತೊಟ್ಟು ಬಿಡಿಸುವ ದೌಲತಬಿಯನ್ನು ಕಂಡವರು, ಖಾರ ಎಲ್ಲಿ ಹೋಯಿತೆಂದು ಕೇಳುವುದಿಲ್ಲ.

ಆಕೆಗೆ ಮೂರನೇ ಸಲ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತ್ತು. ಹುಬ್ಬಳ್ಳಿಯ ಡಾಕ್ಟರು ಬಿಡಿಸಿ ಹೇಳಿದ್ದರು: “ಇದು ಸಿಸ್ಟೀನ್ ಕಲ್ಲು ನೋಡ್ರಿ. ಸಿಸ್ಟೀನ್ ಕೆಟ್ಟದ್ದಲ್ಲ, ಕೂದಲಾ ಉಗುರಾ ಗಟ್ಟಿ ಇರೋದು ಅದರಿಂದನ. ಊಟದಾಗ ಸಿಗದಿದ್ರೂ ಮೈ ತಾನ ಮಾಡ್ಕೊಂತೈತಿ. ನಿಮ್ಮ ಮೈಯಾಗ ಅದು ಮೂತ್ರದಾಗ ಸೋರಿ ಕಲ್ಲಾಗತೈತಿ. ಹುಟ್ಟಿನಿಂದ ಬಂದದ್ದು. ಹಗಲೂ ರಾತ್ರಿ ನೀರು ಕುಡೀತಿರ್ರಿ. ಬಿಟ್ರ ಕಿಡ್ನಿ ಉಳಿಯೂದಿಲ್ಲ.”

ಎಂಬತ್ತೆಂಟನೇ ಇಸವಿಯ ಸುಡು ಬೇಸಿಗೆಯಲ್ಲೇ ರಂಜಾನ್ ಬಂತು. ಗಂಡ ಫಕ್ಕೀರಸಾಬ ಮೆಲ್ಲಗೆ ಹೇಳಿ ನೋಡಿದ. “ಜಡ್ಡಿನವರಿಗೆ ರೋಜಾದ ಉಪಾಸ ಮಾಫಿ ಐತಿ. ಅದರ ಬದ್ಲಿ ಬಡವರಿಗೆ ಉಣಿಸಿದ್ರ ಆತು.”

“ಜಡ್ಡಿನವರಿಗೆ ಹೇಳ್ರಿ. ನನಗೇನಾಗೇತಿ? ದುಡಕೊಂಡ ತಿನ್ನಾಕತ್ತೇನಿ.”

ಜಡ್ಡಿನಾಕಿ ಎನ್ನಿಸಿಕೊಳ್ಳುವುದು ಆಕೆಗೆ ಕಲ್ಲಿಗಿಂತ ದೊಡ್ಡ ನೋವು. ಅದಕ್ಕೇ ಉಪಾಯ ಹೂಡಿದಳು. ಬೆಳಕು ಹರಿಯುವ ಮುಂಚೆ ಸಹರಿಯ ಊಟಕ್ಕೆ ಎದ್ದಾಗ ದಿನದ ನೀರನ್ನೆಲ್ಲ ಒಂದೇ ಸಲಕ್ಕೆ ಗಟಗಟ ಕುಡಿದಳು. ಹೊಟ್ಟೆಯೇನು ಕಾಳು ತುಂಬುವ ಹಗೇವೇ, ತುಂಬಿಟ್ಟರೆ ಉಳಿಯಲು? ಹೊತ್ತೇರುವಷ್ಟರಲ್ಲಿ ಕುಡಿದದ್ದೆಲ್ಲ ಹೊರಗೆ ಹೋಗಿತ್ತು. ಮಧ್ಯಾಹ್ನ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಾಗಲೇ ಸೊಂಟದಲ್ಲಿ ನೋವೆದ್ದಿತು. ಆಕೆ ಹಲ್ಲುಕಚ್ಚಿ ತೊಟ್ಟು ಬಿಡಿಸುತ್ತಲೇ ಇದ್ದಳು.

ಪಕ್ಕದಲ್ಲಿದ್ದ ಗೆಳತಿ ಶೇಖವ್ವ ನೀರಿನ ತಂಬಿಗೆ ಚಾಚಿದಳು. ದೌಲತಬಿ ಮುಖ ತಿರುಗಿಸಿದಳು.

“ಆತು ಬಿಡು. ನೀ ಕುಡಿಯೂತನಾ ನಾನೂ ಕುಡಿಯೂದಿಲ್ಲ,” ಎಂದು ಶೇಖವ್ವ ತಂಬಿಗೆಯನ್ನು ಇಬ್ಬರ ನಡುವೆ ಇಟ್ಟಳು.

ಹಟಕ್ಕೆ ಹಟ. ಸ್ವಲ್ಪ ಹೊತ್ತಿಗೆ ಕಾಯಿಯ ಘಾಟು ನೆತ್ತಿಗೇರಿ ಶೇಖವ್ವನಿಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು, ಉಸಿರು ಸಿಕ್ಕಿಕೊಂಡಿತು. ತಂಬಿಗೆ ಮಾತ್ರ ಮುಟ್ಟಲಿಲ್ಲ.

“ಕುಡಿಯೇ, ಸಾಯ್ತಿ,” ಎಂದಳು ದೌಲತಬಿ.

“ಹಂಗಂತ ಡಾಕ್ಟರು ನಿನಗ ಹೇಳ್ಯಾರ. ನನಗ ಯಾರೂ ಹೇಳಿಲ್ಲ.”

ದೌಲತಬಿಗೆ ಸಿಟ್ಟೂ ಬಂತು, ಅಳುವೂ ಬಂತು. ಇವಳ ಕೆಮ್ಮು ನೋಡಲು ತನಗೇ ಆಗುತ್ತಿಲ್ಲ. ತನ್ನ ಹಟವನ್ನು ಮನೆಯಲ್ಲಿ ಗಂಡ ಹೇಗೆ ನೋಡುತ್ತಿದ್ದಾನೋ ಎನ್ನಿಸಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ತಂಬಿಗೆ ಎತ್ತಿದಳು. ತಿಳಿವಳಿಕೆ ಬಂದಾಗಿನಿಂದ ರಂಜಾನಿನ ಹಗಲಲ್ಲಿ ಆಕೆಯ ಗಂಟಲಿಗೆ ನೀರಿಳಿದದ್ದು ಅದೇ ಮೊದಲು. ಅಳುತ್ತಲೇ ಅರ್ಧ ಕುಡಿದಳು.

ಉಳಿದರ್ಧವನ್ನು ಶೇಖವ್ವನ ಕೈಗಿಟ್ಟು ಹೇಳಿದಳು:

“ತೊಗೊ, ಕುಡಿ. ನಾನಂತೂ ಜಡ್ಡಿನಾಕಿ. ನಿನಗೇನ ಬಂದೈತಿ?”