ಕಂಬದ ಮೇಲೆ ಕೇಳಬಾರದ ಕೂಗು

ಬೇರೆಯವರ ಮಗಳನ್ನು ಕಂಬ ಏರಿಸಿ ತಾನು ಕೆಳಗೆ ನಿಲ್ಲುವುದಿದೆಯಲ್ಲ, ಆ ಭಯವೇ ಬೇರೆ. ಹತ್ತು ವರ್ಷ ತಾನೇ ಏರಿ ಇಳಿಯುವಾಗ ಸುಕನ್ಯಾಗೆ ಅದು ಗೊತ್ತಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ, ದುರ್ಗಾದೇವಿ ಕೆಲಸ ಕಲಿಯಲು ಬಂದ ಮೇಲೆ ಗೊತ್ತಾಯಿತು.

ಸುಕನ್ಯಾ ಕರೆಂಟಿನ ಆಫೀಸಿನವಳು. ಸುತ್ತಿನ ಊರುಗಳ ಬಾಯಲ್ಲಿ ‘ಲೈನ್‌ಮನ್ ಅಕ್ಕ’. ದುರ್ಗಾದೇವಿ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದ ಹುಡುಗಿ. ಅವಳ ಅವ್ವನಿಗೆ ಎಳೆಯ ವಯಸ್ಸಿನಲ್ಲೇ ದೇವರ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಅಪ್ಪ ಯಾರು ಅಂತ ಕೇಳಿದವರಿಗೆ ಹುಡುಗಿ ಅವ್ವನ ಹೆಸರು ಹೇಳುತ್ತಿದ್ದಳು. ಜನಕ್ಕೆ ಅಷ್ಟು ಸಾಕು. ಆಫೀಸಿನಲ್ಲಿ ಒಬ್ಬರೂ ಅವಳನ್ನು ಜೊತೆಗೆ ಕರೆದೊಯ್ಯಲು ಒಪ್ಪಲಿಲ್ಲ. “ನನ್ನ ಕೂಡ ಬರ್ಲಿ ಬಿಡ್ರಿ” ಅಂದುಬಿಟ್ಟಿದ್ದಳು ಸುಕನ್ಯಾ. ಆಮೇಲೆ ಮನೆಗೆ ಹೋಗಿ ಮಕ್ಕಳಿಗೆ ರೊಟ್ಟಿ ಬಡಿಯುವಾಗ ಕೈ ಒಂದು ಗಳಿಗೆ ನಿಂತಿತ್ತು. ನಾಳೆ ಇವಳಿಗೆ ಏನಾದರೂ ಆದರೆ?

ಮಸ್ಕಿಯ ಆಫೀಸಿನ ಹಿಂದೆ ಲೈನಿಲ್ಲದ ಕಂಬದ ಮೇಲೆ ಏರುವ ಅಭ್ಯಾಸ ನಡೆದಾಗ, ಕಾಂಪೌಂಡಿನಾಚೆ ಹುಡುಗರು ಸಿಳ್ಳೆ ಹೊಡೆದು ಅವಳ ಅವ್ವನ ಹೆಸರು ಹಿಡಿದು ಕೂಗುತ್ತಿದ್ದರು. ಒಮ್ಮೆ ತಿರುಗಿ ನೋಡಲು ಹೋಗಿ ಕಾಲು ಜಾರಿತ್ತು. ಬೆಲ್ಟು ಹಿಡಿಯಿತು, ಉಳಿದಳು. ಅಂದು ಸುಕನ್ಯಾ ಅವಳ ಗದ್ದ ಹಿಡಿದು ಹೇಳಿದ್ದಳು: “ಮ್ಯಾಲ ಇದ್ದಾಗ ನಿನಗ ಕಿವಿ ಇಲ್ಲ ಅಂತ ತಿಳ್ಕೊ. ಕೆಳಗ ಯಾರರ ಒದರ್ಲಿ, ಸಾಯ್ಲಿ. ಕಣ್ಣು ವೈರಿನ ಮ್ಯಾಲ ಇರ್ಲಿ. ತಿಳೀತಿಲ್ಲೊ?”

ತಿಳಿದಿತ್ತು. ಅದಾದ ಮೇಲೆ ದುರ್ಗಿ ಒಮ್ಮೆಯೂ ತಿರುಗಲಿಲ್ಲ.

ಆ ದಿನ ಸಿಂಧನೂರು ತಾಲೂಕಿನ ಕೆಲಸಕ್ಕೂ ಅವರನ್ನೇ ಹಾಕಿದ್ದರು. ಮುಕ್ಕುಂದದ ಆಚೆ ಭತ್ತ ತೆನೆ ಕಟ್ಟುವ ಹೊತ್ತು, ಪಂಪುಗಳ ಲೈನಿನಲ್ಲಿ ಕಂಬದ ತುದಿಯ ವೈರು ಸುಟ್ಟು ಕಿತ್ತು ಬಂದಿತ್ತು. ಸುಕನ್ಯಾ ಟಿಸಿಯ, ಅಂದರೆ ಆ ಲೈನಿನ ಟ್ರಾನ್ಸ್‌ಫಾರ್ಮರಿನ, ಸ್ವಿಚ್ಚು ಇಳಿಸಿ, ಹ್ಯಾಂಡಲಿಗೆ ತನ್ನದೇ ಬೀಗ ಜಡಿದಳು. ಈ ಕಡೆಯಿಂದ ಕರೆಂಟು ಬರುವ ಮಾತಿಲ್ಲ. ಹೆದರಿಕೆ ಇದ್ದದ್ದು ಆ ಕಡೆಯದು. ಅಲ್ಲಿನ ಕೆಲವರು ಮೋಟರಿಗೆ ಎರಡು ಲೈನಿನಿಂದ ಕೊಕ್ಕೆ ಹಾಕಿಕೊಳ್ಳುತ್ತಿದ್ದರು. ಈ ಟಿಸಿ ಸತ್ತರೆ ಹಳ್ಳದಾಚೆಯ ಟಿಸಿಯಿಂದ ನೀರು. ಎರಡೂ ಕೊಕ್ಕೆ ಹಾಗೇ ಬಿಟ್ಟರೆ ಆಚೆಯ ಕರೆಂಟು ಈಚೆಯ ವೈರಿಗೂ ಹರಿದು ಬರುತ್ತದೆ. ಹಾಗೆ ಬಂದ ಕರೆಂಟಿಗೆ ಸತ್ತವನೊಬ್ಬನ ಹೆಣವನ್ನು ಸುಕನ್ಯಾ ಕಂಬದಿಂದ ಇಳಿಸಿದ್ದಳು. ಅವನ ಬಾಯಲ್ಲಿ ಎಲೆಯಡಿಕೆ ಇನ್ನೂ ಇತ್ತು.

ಅದಕ್ಕೇ ಏರಿದ ಕೂಡಲೇ ವೈರುಗಳಿಗೆ ಅಡ್ಡ ಹಾಕಲು ಒಂದು ಚೈನು ಇರುತ್ತದೆ. ಕರೆಂಟು ಬಂದರೂ ನೆಲಕ್ಕೆ ಹೋಗಲಿ ಅಂತ. ಅಂದು ಆ ಚೈನನ್ನು ಜೊತೆಯ ಚಾಂದ್‌ಪಾಷಾ ಲಿಂಗಸುಗೂರು ಕಡೆಯ ಕೆಲಸಕ್ಕೆ ಒಯ್ದಿದ್ದ.

“ಚೈನು ಬರೂತನ ಕುಂದ್ರೂನು” ಅಂದಳು ಸುಕನ್ಯಾ.

ಬದುವಿನ ಮೇಲೆ ಬೀಡಿ ಹಚ್ಚಿ ಕೂತಿದ್ದ ರೈತ ಕನಕರಾಜ ನಕ್ಕ. “ಕುಂದ್ರಾಕ ನೀವೇನು ಬೀಗರ ಮನಿಗೆ ಬಂದೀರೇನಬೇ? ತೆನಿ ಒಣಗಾಕತ್ತಾವ. ಗಂಡಸ್ರು ತೀರಿ ಹೋದ್ರೇನು ನಿಮ್ಮ ಆಫೀಸಿನಾಗ?”

“ಎಲ್ಲಿ ತೀರ್ಯಾರ? ಬದುವಿನ ಮ್ಯಾಲ ಕುಂತು ಬೀಡಿ ಸೇದಾಕತ್ತಾರಲ್ಲ.”

ಉಳಿದವರೂ ನಕ್ಕರು. ಆದರೆ ಅವಸರ ಬಿಡಲಿಲ್ಲ. ಕೊನೆಗೆ ಸುಕನ್ಯಾ ಸೋತಳು. “ದುರ್ಗಿ, ಪಂಪಿನ ಶೆಡ್ಡಿಗೆಲ್ಲಾ ಹೋಗಿ ಬಾ. ಆಚಿ ಕೊಕ್ಕಿ ಇದ್ರ ಕಣ್ಣ ಮುಂದ ತೆಗಸು. ನೋಡಿದ ಮ್ಯಾಲ ಬಾ.”

ಹುಡುಗಿ ಹೋಗಿ ಬಂದಳು. ಬೆವರು ಒರೆಸಿಕೊಳ್ಳುತ್ತ, ಮುಖ ಬೇರೆ ಕಡೆ ಮಾಡಿ, “ಎಲ್ಲಾ ಆತಕ್ಕಾ” ಅಂದಳು. ಬೆಲ್ಟು ಬಿಗಿದುಕೊಂಡು ಏರಿದಳು.

ಅವಳು ತುದಿಯ ಹತ್ತಿರ ಹೋಗುವ ಹೊತ್ತಿಗೆ ಸುಕನ್ಯಾ ಸುಮ್ಮನೆ ಹೊಲದ ಕಡೆ ಕಣ್ಣು ಹಾಯಿಸಿದಳು. ದೂರದಲ್ಲಿ ವೆಂಕೋಬನೆಂಬ ರೈತನ ಶೆಡ್ಡಿನ ಮುಂದೆ ಏನೋ ಬೆಳ್ಳಗೆ ಹೊಳೆಯಿತು. ಕೊಕ್ಕರೆ ಇರಬೇಕು ಅಂದುಕೊಂಡಳು. ಕೊಕ್ಕರೆ ಅಲ್ಲಾಡಲಿಲ್ಲ.

ನೀರು. ಪೈಪಿನ ಬಾಯಿ ತುಂಬ ನೀರು.

ಕರೆಂಟಿಲ್ಲದ ಲೈನಿನಲ್ಲಿ ಮೋಟರು ತಿರುಗುತ್ತಿತ್ತು.

ಸುಕನ್ಯಾ ಕಂಬದ ಕಡೆ ತಿರುಗಿದಳು. “ದುರ್ಗೀ! ಮುಟ್ಟಬ್ಯಾಡ!” ಮೊದಲ ಕೂಗು ಹೊರಗೇ ಬರಲಿಲ್ಲ. ಎರಡನೆಯದು ಬಂತು. ಮೂರನೆಯದಕ್ಕೆ ಬದುವಿನ ಮೇಲಿದ್ದವರೆಲ್ಲ ಎದ್ದು ನಿಂತರು, ಅವರೂ ಕೂಗತೊಡಗಿದರು. ಗಂಡಸರ ಗದ್ದಲ ಏರಿದಷ್ಟೂ ಮೇಲಿದ್ದವಳ ಕುತ್ತಿಗೆ ಬಿಗಿಯಾಯಿತು. ಅವಳು ಬೆಲ್ಟನ್ನು ಇನ್ನೊಂದು ಗೇಣು ಮೇಲಕ್ಕೆ ಸರಿಸಿದಳು. ಕೇಳುತ್ತಿರಲಿಲ್ಲ ಅಂತಲ್ಲ. ಕೇಳಬಾರದು ಅಂತ ಕಲಿತಿದ್ದಳು. ಕಲಿಸಿದವಳು ಕೆಳಗೆ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು.

ದುರ್ಗಿ ಸೊಂಟದಿಂದ ಕಟಿಂಗ್ ಪ್ಲೇಯರ್ ತೆಗೆದಳು.

ಸುಕನ್ಯಾ ಗದ್ದೆಗೆ ಇಳಿದಳು. ಮೊಣಕಾಲವರೆಗೆ ಹೂತು, ಎರಡೂ ಕೈಯಿಂದ ಕೆಸರು ಬಾಚಿ ಮುದ್ದೆ ಮಾಡಿ ಬೀಸಿ ಒಗೆದಳು. ಅದು ಹುಡುಗಿಯ ಬೆನ್ನಿಗೆ ಬಡಿಯಿತು. ಅವಳು ಅಲುಗಲಿಲ್ಲ. ಮೈಮೇಲೆ ಕೆಸರು ಬೀಳುವುದು ಅವಳಿಗೆ ಹೊಸದೂ ಅಲ್ಲ. ಸುಕನ್ಯಾ ಅಳುತ್ತಲೇ ಇನ್ನೊಂದು ಒಗೆದಳು. ಅದು ಕಿವಿಯ ಹಿಂದೆ ಬಿತ್ತು, ಕೆನ್ನೆಗೆ ಹರಿಯಿತು.

ಆಗ ದುರ್ಗಿ ತಿರುಗಿದಳು. ಹಲ್ಲು ಕಚ್ಚಿ, ಬೈಯಲು ಬಾಯಿ ತೆರೆದು, ಕೆಳಗೆ ನೋಡಿದಳು. ಕೈ ತುಂಬ ಕೆಸರು ಹಿಡಿದು ನಿಂತಿದ್ದವಳು ಅಕ್ಕ. ಅಕ್ಕನ ಬೆರಳು ಹೊಲದಾಚೆಯ ನೀರನ್ನು ತೋರಿಸುತ್ತಿತ್ತು.

ಪ್ಲೇಯರ್ ಹಿಡಿದ ಕೈ ವೈರಿನಿಂದ ಒಂದು ಗೇಣು ದೂರದಲ್ಲಿತ್ತು. ಅದು ಮೆಲ್ಲಗೆ ಹಿಂದೆ ಬಂತು.

ಇಳಿದು ಬಂದ ಮೇಲೆ ಕಂಬಕ್ಕೆ ಒರಗಿ ಕೂತುಬಿಟ್ಟಳು. ಸುಕನ್ಯಾ ಅವಳ ಭುಜ ಹಿಡಿದು ಅಲ್ಲಾಡಿಸಿದಳು. “ಎಲ್ಲಾ ಆತು ಅಂದ್ಯಲ್ಲಬೇ! ವೆಂಕೋಬನ ಕೊಕ್ಕಿ ತೆಗಸೀನಿ ಅಂತ ಸುಳ್ಳು ಯಾಕ ಹೇಳ್ದಿ?”

“ಅವ್ರು ಬದುವಿನ ಮ್ಯಾಲ ಕಾಲಿಡಗೊಡಲಿಲ್ಲಕ್ಕಾ. ತೆನಿ ಕಟ್ಟಾಕತ್ತೈತಿ, ನಿನ್ನಂತಾಕಿ ಕಾಲಿಟ್ರ ಮೈಲಿಗಿ, ಒಳಗ ಬರಬ್ಯಾಡ ಅಂದ್ರು. ತೆಗಿತೀವಿ ಹೋಗು ಅಂದ್ರು. ನಾ ನೋಡ್ಲಿಲ್ಲ.”

“ನನ್ನ ಮುಂದ ಹೇಳಾಕ ಬಾಯಿ ಇರ್ಲಿಲ್ಲ?”

ಹುಡುಗಿ ಕೆನ್ನೆಯ ಕೆಸರು ಒರೆಸಿಕೊಳ್ಳಲಿಲ್ಲ. “ಹೋದಲ್ಲೆಲ್ಲಾ ಇದ ಹೇಳಿದ್ರ, ಇಕಿನ್ನ ಕಟಗೊಂಡು ಏನ್ ಮಾಡ್ಲಿ ಅಂತ ನೀನೂ ಬಿಡ್ತಿ. ನೀ ಬಿಟ್ರ ನಾ ಎಲ್ಲಿಗೆ ಹೋಗ್ಲಿ?”

ಸುಕನ್ಯಾ ಭುಜ ಬಿಟ್ಟಳು. ಕರೆಂಟಿಗಿಂತ ಹೆಚ್ಚು ಈ ಹುಡುಗಿ ತನಗೇ ಹೆದರಿದ್ದಳು. ವಿದ್ಯೆ ಕಲಿಸಿದೆ ಅಂದುಕೊಂಡವಳು ಈ ಹೆದರಿಕೆಯನ್ನೂ ಅದರ ಜೊತೆಗೇ ಕಲಿಸಿದ್ದಳು.

“ಏಳು” ಅಂದಳು. “ನೀ ಮುಂದ ನಡಿ. ನಾ ಹಿಂದ ಬರ್ತೀನಿ.”

ವೆಂಕೋಬನ ಬದುವಿನ ತುದಿಗೆ ಬಂದಾಗ ದುರ್ಗಿಯ ಕಾಲು ತಾವಾಗಿಯೇ ನಿಂತವು. ಸುಕನ್ಯಾ ಅವಳ ಬೆನ್ನ ಹಿಂದೆ ಬಂದು ನಿಂತಳು. ಇಬ್ಬರೇ ಹೆಂಗಸರು, ಎದುರಿಗೆ ಸನಿಕೆ ಹಿಡಿದು ನಿಂತ ಗಂಡಸು. ಸುಕನ್ಯಾಳ ಕೇರಿಯ ಜನಕ್ಕೂ ಒಂದು ಕಾಲದಲ್ಲಿ ಇಂಥದೇ ಬದುಗಳು ಮುಚ್ಚಿದ್ದವು. ಈಗ ಖಾಕಿ ಅಂಗಿ ಕಂಡು ಬಿಡುತ್ತಾರೆ, ಅಷ್ಟೇ.

ವೆಂಕೋಬ ಹುಡುಗಿಯ ತಲೆಯ ಮೇಲಿಂದ ಸುಕನ್ಯಾಳನ್ನು ನೋಡಿ ಮಾತಾಡಿದ. “ನೀ ಬರಬೇಕಿತ್ತಬೇ ಯವ್ವಾ. ಕೊಕ್ಕಿ ಅವಾಗ ತೆಗಿತಿದ್ನಿ. ಇದ್ನ್ಯಾಕ ಕಳಿಸ್ದಿ?”

ಸುಕನ್ಯಾ ಹುಡುಗಿಯ ಬೆನ್ನ ಮೇಲೆ ಕೈ ಇಟ್ಟು ಒಂದು ಹೆಜ್ಜೆ ಮುಂದೆ ಸರಿಸಿದಳು.

ದುರ್ಗಿ ಮೋಟರಿನ ಸದ್ದಿನ ಮೇಲೆ ದನಿ ಏರಿಸಿದಳು: “ಕೊಕ್ಕಿ ತೆಗೀರಿ. ನಿಮ್ಮ ನೀರಿಗೆ ನಾ ಸಾಯ್ತಿದ್ನಿ.”

ವೆಂಕೋಬ ಸನಿಕೆ ನೆಲಕ್ಕೆ ಊರಿ ನಿಂತ. ಬಾಗಲಿಲ್ಲ. ಶೆಡ್ಡಿನಿಂದ ಅವನ ಹೆಂಡತಿ ಕರೆಮ್ಮ ಹೊರಗೆ ಬಂದಳು. ಹುಡುಗಿಯ ಕೆನ್ನೆಯ ಕೆಸರನ್ನೇ ನೋಡಿದಳು. ಬಿದಿರಿನ ಗಳ ತೆಗೆದುಕೊಂಡು ಆಚೆ ಲೈನಿನ ಕೊಕ್ಕೆಗಳನ್ನು ಒಂದೊಂದಾಗಿ ಎತ್ತಿ ಕೆಡವಿದಳು. ಮೋಟರು ನಿಂತಿತು. ಪೈಪಿನ ನೀರು ಸಣ್ಣಗಾಗಿ ತೊಟ್ಟಿಕ್ಕಿತು.

“ನೋಡ್ದಿಲ್ಲೊ?” ಅಂತ ಕೇಳಿದಳು ಸುಕನ್ಯಾ.

“ನೋಡೀನಿ.”

ಕಂಬದ ಹತ್ತಿರ ವಾಪಸು ಬಂದು ಸುಕನ್ಯಾ ಚಾಂದ್‌ಪಾಷಾನಿಗೆ ಫೋನು ಹಚ್ಚಿದಳು. “ಎಲ್ಲಿದ್ದಿಯಪಾ? ಚೈನು ಬರೂತನ ಯಾರೂ ಏರಂಗಿಲ್ಲ” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕನಕರಾಜ ಏನೋ ಗೊಣಗಿದ. ಗೊಣಗಲಿ.

ದುರ್ಗಿ ಬೆಲ್ಟು ಬಿಚ್ಚದೆಯೇ ಕೂತಿದ್ದಳು. ಅದರ ಕೊಂಡಿ ಜಗ್ಗಿ ನೋಡುತ್ತ ಕೇಳಿದಳು: “ಅಕ್ಕಾ, ಈಗ ಏರಿದ್ರ ಕಿವಿ ತೆರಕೊಂಡಿರ್ಲೊ, ಮುಚಗೊಂಡಿರ್ಲೊ?”

ಸುಕನ್ಯಾ ಎರಡನ್ನೂ ತೂಗಿದಳು. ತೆರೆದರೆ ಆ ಮಾತುಗಳೆಲ್ಲ ಒಳಗೆ ಬರುತ್ತವೆ, ಕಾಲು ಜಾರುತ್ತದೆ. ಮುಚ್ಚಿದರೆ ತನ್ನ ಕೂಗೂ ಹೊರಗೇ ಉಳಿಯುತ್ತದೆ. ಕಾಲುವೆಯ ರಸ್ತೆಯಲ್ಲಿ ಚಾಂದ್‌ಪಾಷಾನ ಬೈಕು ಧೂಳೆಬ್ಬಿಸುತ್ತ ಬರುತ್ತಿತ್ತು. ಹುಡುಗಿ ಎದ್ದು ನಿಂತಳು.

“ತೆರಕೊಂಡಿರು” ಅಂದಳು ಸುಕನ್ಯಾ. ಚಾಂದ್‌ಪಾಷಾ ತಂದುಕೊಟ್ಟ ಚೈನನ್ನು ಅವಳ ಹೆಗಲಿಗೆ ಹಾಕಿದಳು. ಬದುವಿನ ಮೇಲಿದ್ದವರ ಕಡೆ ತಿರುಗಿ, ಕಂಬಕ್ಕೆ ಬೆನ್ನು ಕೊಟ್ಟು, ಒಬ್ಬೊಬ್ಬರ ಬಾಯನ್ನೂ ನೋಡುತ್ತ ನಿಂತಳು. ಹಿಂದೆ ಹುಡುಗಿಯ ಮೊದಲ ಹೆಜ್ಜೆ ಕಂಬಕ್ಕೆ ತಾಗಿದ ಸದ್ದು ಕೇಳಿತು.